‘ವಿಕ್ಟರಿ ಆ್ಯಂಡ್ ಡೆತ್’ ಕಂತು ಮತ್ತು ಪ್ರೇಕ್ಷಕರ ಅಭಿಪ್ರಾಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

‘ಸ್ಟಾರ್ ವಾರ್ಸ್: ದ ಕ್ಲೋನ್ ವಾರ್ಸ್’ ಅನಿಮೇಷನ್ ಸರಣಿಯ ಏಳನೆಯ ಸೀಸನ್ನಿನ ಹನ್ನೆರಡನೆಯ ಕಂತಾದ ‘ವಿಕ್ಟರಿ ಆ್ಯಂಡ್ ಡೆತ್’ 2020ರ ಮೇ 4ರಂದು ಡಿಸ್ನಿ ಪ್ಲಸ್‌ನಲ್ಲಿ ಬಿಡುಗಡೆಯಾಯಿತು. ಇಡೀ ಸರಣಿ ಮುಗಿಯುವುದೂ ಈ ಕಂತಿನಲ್ಲೇ. ನೋಡಿದವರಲ್ಲಿ ಬಹುಪಾಲು ಜನ ಇದನ್ನು ಮೆಚ್ಚಿಕೊಂಡಿದ್ದರೂ, ಮೆಚ್ಚಿದವರೇ ಕೆಲವು ಆಕ್ಷೇಪಗಳನ್ನು ಮತ್ತೆ ಮತ್ತೆ ಎತ್ತುತ್ತಾರೆ. ಆ ಆಕ್ಷೇಪಗಳಿಗೂ ಅವುಗಳ ಸುತ್ತ ಹುಟ್ಟುವ ಪ್ರಶ್ನೆಗಳಿಗೂ ಇಲ್ಲಿ ಉತ್ತರಿಸಲು ಪ್ರಯತ್ನಿಸಲಾಗಿದೆ. ಕಥೆಯ ಅಂತ್ಯವನ್ನು ಮುಚ್ಚಿಡದೆ ಚರ್ಚಿಸಿರುವುದರಿಂದ, ಇನ್ನೂ ನೋಡದವರು ಮೊದಲು ನೋಡಿ ಬಂದು ಓದುವುದು ಒಳ್ಳೆಯದು.

ಈ ಕಂತಿನಲ್ಲಿ ನಡೆಯುವುದೇನು?

ಮ್ಯಾಂಡಲೋರ್ ಗ್ರಹದ ಮುತ್ತಿಗೆಯಲ್ಲಿ ಸೆರೆಸಿಕ್ಕ ಖಳನಾಯಕ ಮಾಲ್‌ನನ್ನು ಸಾಗಿಸುತ್ತಿರುವ ಯುದ್ಧನೌಕೆಯಲ್ಲಿ, ಜೆಡೈ ಎಂಬ ಯೋಧರ ಸಂಘವನ್ನು ತೊರೆದಿದ್ದ ಅಹ್ಸೋಕಾ ಟಾನೋ ಮತ್ತು ಕ್ಲೋನ್ (ಒಬ್ಬನೇ ಮನುಷ್ಯನ ಪ್ರತಿಯಾಗಿ ಸೃಷ್ಟಿಸಿದ ಸೈನಿಕ) ಸೇನಾನಿ ರೆಕ್ಸ್ ಇದ್ದಾರೆ. ಪ್ರಯಾಣದ ನಡುವೆ, ಜೆಡೈಗಳನ್ನೆಲ್ಲ ಕೊಲ್ಲಬೇಕೆಂಬ ಆದೇಶವಾದ ಆರ್ಡರ್ 66 ಜಾರಿಯಾಗುತ್ತದೆ. ಕ್ಲೋನ್‌ಗಳ ಮೆದುಳಿನಲ್ಲಿ ಹುಟ್ಟಿಗೆ ಮೊದಲೇ ಹುದುಗಿಸಿಟ್ಟ ಚಿಪ್ ಎಚ್ಚೆತ್ತು, ನಿನ್ನೆಯವರೆಗೆ ಅಹ್ಸೋಕಾಳಿಗಾಗಿ ಪ್ರಾಣ ಕೊಡಲು ಸಿದ್ಧರಿದ್ದ ಸೈನಿಕರೇ ಅವಳನ್ನು ಕೊಲ್ಲಲು ಬೆನ್ನಟ್ಟುತ್ತಾರೆ. ಹಿಂದಿನ ಕಂತಾದ ‘ಶ್ಯಾಟರ್ಡ್’ನಲ್ಲಿ ಅಹ್ಸೋಕಾ ರೆಕ್ಸ್‌ನ ತಲೆಯಿಂದ ಆ ಚಿಪ್ಪನ್ನು ತೆಗೆಸಿರುತ್ತಾಳೆ. ಅವಳೇ ಬಿಡುಗಡೆ ಮಾಡಿದ ಮಾಲ್ ನೌಕೆಯ ಹೈಪರ್‌ಡ್ರೈವ್ ಎಂಬ ಅತಿವೇಗದ ಯಂತ್ರವನ್ನು ಧ್ವಂಸಗೊಳಿಸುವುದರಿಂದ ನೌಕೆ ಒಂದು ಉಪಗ್ರಹದ ಸೆಳೆತಕ್ಕೆ ಸಿಕ್ಕಿ ಬೀಳತೊಡಗುತ್ತದೆ. ಮಾಲ್ ಷಟಲ್ ಕದ್ದು ಪಾರಾಗುತ್ತಾನೆ. ಅಹ್ಸೋಕಾ ಮತ್ತು ರೆಕ್ಸ್ ಒಂದು ವೈ-ವಿಂಗ್ ವಿಮಾನದಲ್ಲಿ ಬದುಕಿ ಹೊರಬರುತ್ತಾರೆ. ನೌಕೆಯಲ್ಲಿದ್ದ ಕ್ಲೋನ್‌ಗಳು ಸಾಯುತ್ತಾರೆ. ಇಬ್ಬರೂ ಸೇರಿ ಅವರನ್ನು ಮಣ್ಣು ಮಾಡುತ್ತಾರೆ. ಬಹಳ ಕಾಲದ ನಂತರ, ಹಿಮ ಕವಿದ ಅದೇ ಜಾಗಕ್ಕೆ, ಅಹ್ಸೋಕಾಳ ಹಿಂದಿನ ಗುರು ಅನಾಕಿನ್, ಖಳನಾಗಿ ಬದಲಾದ ಡಾರ್ತ್ ವೇಡರ್ ಆಗಿ ಬರುತ್ತಾನೆ.

ಇದನ್ನು ಇಷ್ಟೊಂದು ಜನ ಹೊಗಳಲು ಕಾರಣವೇನು?

ಹೆಚ್ಚಿನವರು ಮೊದಲು ಹೇಳುವುದು ಅನಿಮೇಷನ್ನಿನ ಗುಣಮಟ್ಟವನ್ನು, ಬೀಳುತ್ತಿರುವ ನೌಕೆಯ ಅವಶೇಷಗಳ ನಡುವೆ ಅಹ್ಸೋಕಾ ಜಿಗಿಯುತ್ತ ರೆಕ್ಸ್‌ನ ವಿಮಾನವನ್ನು ತಲುಪುವ ದೃಶ್ಯವನ್ನು, ಮತ್ತು ಕೊನೆಯಲ್ಲಿ ವೇಡರ್ ಕಾಣಿಸಿಕೊಳ್ಳುವುದನ್ನು. ಇವೆಲ್ಲ ಹೊಗಳಿಕೆಗೆ ಅರ್ಹವೇ. ಆದರೆ ನನ್ನ ದೃಷ್ಟಿಯಲ್ಲಿ ಈ ಕಂತನ್ನು ಎತ್ತಿ ಹಿಡಿದಿರುವುದು ನೌಕೆಯ ಹ್ಯಾಂಗರ್‌ಗೆ ಇಳಿಯುವ ಮೊದಲು ರೆಕ್ಸ್ ಮತ್ತು ಅಹ್ಸೋಕಾ ನಡುವೆ ನಡೆಯುವ ಒಂದು ಸಣ್ಣ ಮಾತುಕತೆ.

ಕೆಳಗೆ ಸಾಲುಗಟ್ಟಿ ನಿಂತ ಸೈನಿಕರನ್ನು ಕೊಲ್ಲದೆ ಹೊರಹೋಗುವ ದಾರಿ ಇಬ್ಬರಿಗೂ ಕಾಣುವುದಿಲ್ಲ. ಅವರನ್ನು ನೋಯಿಸಲು ತನಗೆ ಮನಸ್ಸಿಲ್ಲವೆಂದು ಅಹ್ಸೋಕಾ ಹೇಳಿದಾಗ ರೆಕ್ಸ್ ಸಿಡಿದೇಳುತ್ತಾನೆ: ಅವರಿಗೆ ಅದರ ಪರಿವೆಯೇ ಇಲ್ಲ, ಈ ನೌಕೆ ಬೀಳುತ್ತಿದೆ, ತನ್ನ ಸೋದರರು ತಾವೂ ಸತ್ತು ನಮ್ಮಿಬ್ಬರನ್ನೂ ಸಾಯಿಸಲು ಸಿದ್ಧರಾಗಿದ್ದಾರೆ ಎನ್ನುತ್ತಾನೆ. ಅಹ್ಸೋಕಾ ಮರುಮಾತಾಡದೆ ಅವನ ಹೆಲ್ಮೆಟ್ ತೆಗೆಯುತ್ತಾಳೆ. ಒಳಗೆ ಅವನು ಅಳುತ್ತಿದ್ದಾನೆ. ಅಲ್ಲಿಯವರೆಗೆ ಕೇಳಿದ ಗಡುಸು ದನಿ ಆ ಕಣ್ಣೀರನ್ನು ಅಡಗಿಸಲು ಹಾಕಿಕೊಂಡದ್ದೆಂದು ಆಗಷ್ಟೇ ತಿಳಿಯುತ್ತದೆ. ಅವನೂ ಒಳ್ಳೆಯ ಸೈನಿಕ, ಕೆಳಗಿರುವ ಪ್ರತಿಯೊಬ್ಬನೂ ಅಂಥವನೇ, ಸಾಯಲು ಅವರು ಸಿದ್ಧರಿರಬಹುದು, ಆದರೆ ಅವರನ್ನು ಕೊಲ್ಲುವವಳು ತಾನಾಗುವುದಿಲ್ಲ ಎಂದು ಅವಳು ಹೇಳುತ್ತಾಳೆ.

ಇಡೀ ಕಂತು ನಿಂತಿರುವುದು ಈ ನಿರ್ಧಾರದ ಮೇಲೆ. ಸರಣಿಯ ಉದ್ದಕ್ಕೂ ಯುದ್ಧ ಗೆಲ್ಲುವುದೆಂದರೆ ಎದುರಾಳಿಯನ್ನು ಸೋಲಿಸುವುದಾಗಿತ್ತು. ಇಲ್ಲಿ ಎದುರಾಳಿಗಳೇ ಈ ಕಥೆಯ ಅತ್ಯಂತ ನಿರಪರಾಧಿಗಳು. ಇದನ್ನು ಒಪ್ಪಿಕೊಂಡು ನೋಡಿದರೆ, ಮುಂದೆ ಚರ್ಚಿಸುವ ಹಲವು ಆಕ್ಷೇಪಗಳು ತಾವಾಗಿ ಸಡಿಲಗೊಳ್ಳುತ್ತವೆ. ವೀರರ ಕಥೆಗೆ ಇರಬೇಕಾದ ಮುಕ್ತಾಯವನ್ನು ಜನ ಕೇಳುತ್ತಿದ್ದಾರೆ. ಕಂತು ಕೊಡುತ್ತಿರುವುದು ಇಚ್ಛೆಯನ್ನೇ ಕಸಿದುಕೊಳ್ಳಲ್ಪಟ್ಟ ಸೈನಿಕರ ಕಥೆಗೆ ತಕ್ಕ ಮುಕ್ತಾಯವನ್ನು.

ಕ್ಲೋನ್ ಸೈನಿಕ ಜೆಸ್ಸಿ ಏಕೆ ರೆಕ್ಸ್‌ನ ಮಾತಿಗೆ ಒಪ್ಪುವುದಿಲ್ಲ?

ಹ್ಯಾಂಗರ್‌ನಲ್ಲಿ ರೆಕ್ಸ್ ಅಹ್ಸೋಕಾಳನ್ನು ಸೆರೆಹಿಡಿದು ತಂದವನಂತೆ ನಟಿಸುತ್ತ, ಅವಳು ಜೆಡೈ ಸಂಘವನ್ನು ತೊರೆದವಳಾದ್ದರಿಂದ ಆದೇಶ ಅವಳಿಗೆ ಅನ್ವಯಿಸುವುದಿಲ್ಲವೆಂದು ವಾದಿಸುತ್ತಾನೆ. ವಾದ ನ್ಯಾಯಬದ್ಧವಾಗಿದೆ, ಕೆಲವು ಪ್ರೇಕ್ಷಕರಿಗೆ ಜೆಸ್ಸಿ ಅದನ್ನು ತಳ್ಳಿಹಾಕಿದ್ದು ಮೊಂಡುತನವಾಗಿ ಕಂಡಿದೆ. ಆದರೆ ಚಿಪ್ಪಿನ ಹಿಡಿತದಲ್ಲಿರುವವನಿಗೆ ಕಾರಣಗಳನ್ನು ಕೇಳುವ ಕಿವಿ ಇದ್ದರೂ ಅವುಗಳಿಂದ ಬದಲಾಗುವ ಸ್ವಾತಂತ್ರ್ಯವಿಲ್ಲ ಎಂಬುದನ್ನು ತೋರಿಸಲೆಂದೇ ಈ ದೃಶ್ಯವಿದೆ. ಹಳೆಯ ಗೆಳೆಯನನ್ನೇ ದ್ರೋಹಿಯೆಂದು ಕರೆಯುವ ಜೆಸ್ಸಿ, ನಾಲ್ಕನೆಯ ಸೀಸನ್ನಿನ ಅಂಬಾರಾ ಕಂತುಗಳಲ್ಲಿ ತಪ್ಪು ಆದೇಶವನ್ನು ಮೀರಿ ನಡೆದು ಮರಣದಂಡನೆಯ ಅಂಚಿಗೆ ಹೋಗಿ ಬಂದವನು. ಅದನ್ನು ನೆನಪಿಟ್ಟುಕೊಂಡು ನೋಡಿದವರಿಗೆ ಇಲ್ಲಿ ಅವನಿಂದ ಕಸಿದುಕೊಂಡದ್ದು ಏನೆಂಬುದು ಸ್ಪಷ್ಟವಾಗುತ್ತದೆ.

ಈ ದೃಶ್ಯದ ಇನ್ನೊಂದು ವಿಶೇಷವನ್ನೂ ಗಮನಿಸಬೇಕು. ಸರಣಿಯ ಕ್ಲೋನ್‌ಗಳಿಗೆಲ್ಲ ಕಂಠದಾನ ಮಾಡಿದವರು ಡೀ ಬ್ರಾಡ್ಲಿ ಬೇಕರ್ ಒಬ್ಬರೇ. ರೆಕ್ಸ್ ಬೇಡಿಕೊಳ್ಳುವುದೂ ಜೆಸ್ಸಿ ನಿರಾಕರಿಸುವುದೂ ಒಂದೇ ಗಂಟಲಿನಿಂದ ಬಂದಿದ್ದರೂ, ಕಣ್ಣುಮುಚ್ಚಿ ಕೇಳಿದರೂ ಯಾವುದು ಯಾರ ಮಾತೆಂದು ಗುರುತಿಸಬಹುದು. ಬಂದ ಮೆಚ್ಚುಗೆಯಲ್ಲಿ ಇದಕ್ಕೆ ಸಲ್ಲಬೇಕಾದಷ್ಟು ಪಾಲು ಸಂದಿಲ್ಲವೆಂದು ನನಗೆ ಅನ್ನಿಸುತ್ತದೆ.

ಮಾಲ್‌ನನ್ನು ಬಿಟ್ಟದ್ದು ಅಹ್ಸೋಕಾಳ ತಪ್ಪಲ್ಲವೇ?

ಎಲ್ಲ ಆಕ್ಷೇಪಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಇದು. ಕ್ಲೋನ್‌ಗಳನ್ನು ಕೊಲ್ಲಲಾರೆನೆಂದು ಹೇಳುವ ಅಹ್ಸೋಕಾ, ಗೊಂದಲ ಎಬ್ಬಿಸಲಿ ಎಂದು ಮಾಲ್‌ನನ್ನು ಬಿಡುಗಡೆ ಮಾಡುತ್ತಾಳೆ. ಅವನು ಹಾದಿಯುದ್ದಕ್ಕೂ ಕ್ಲೋನ್‌ಗಳನ್ನು ಕ್ರೂರವಾಗಿ ಕೊಲ್ಲುತ್ತ ಹೋಗುತ್ತಾನೆ, ಕೊನೆಗೆ ನೌಕೆಯೇ ಬೀಳುವಂತೆ ಮಾಡುತ್ತಾನೆ. ತನ್ನ ಕೈಗೆ ರಕ್ತ ಅಂಟದಿದ್ದರೆ ಸಾಕೆಂದುಕೊಂಡು ಇನ್ನೊಬ್ಬನ ಕೈಯಲ್ಲಿ ಅದೇ ಕೆಲಸ ಮಾಡಿಸಿದಂತಾಯಿತಲ್ಲವೇ ಎಂದು ಕೇಳುವವರನ್ನು ಸುಲಭವಾಗಿ ಬಾಯಿ ಮುಚ್ಚಿಸಲಾಗದು, ಮುಚ್ಚಿಸಲೂಬಾರದು.

ಅವಳ ಪರವಾಗಿ ಹೇಳಬಹುದಾದದ್ದು ಇಷ್ಟು: ಮಾಲ್‌ನನ್ನು ಬಿಟ್ಟ ಕ್ಷಣದಲ್ಲಿ ಅವಳಿಗೆ ಚಿಪ್ಪಿನ ವಿಷಯ ಗೊತ್ತಿರಲಿಲ್ಲ. ರೆಕ್ಸ್ ಗುಂಡು ಹಾರಿಸುವ ಮುನ್ನ, ಚಿಪ್ಪಿನ ರಹಸ್ಯವನ್ನು ಬಯಲಿಗೆಳೆಯಲು ಹೋಗಿ ಸತ್ತ ಕ್ಲೋನ್ ಫೈವ್ಸ್‌ನ ಹೆಸರನ್ನು ಉಸುರಿದ್ದಷ್ಟೇ ಅವಳಿಗಿದ್ದ ಸುಳಿವು. ಅದರ ಜಾಡು ಹಿಡಿದು ಸತ್ಯವನ್ನು ಕಂಡುಕೊಳ್ಳಲು ಅವಳಿಗೆ ಸಮಯ ಬೇಕಿತ್ತು, ಆ ಸಮಯವನ್ನು ಪಡೆಯಲು ಮಾಲ್‌ನ ಹೊರತು ಬೇರೆ ಸಾಧನವಿರಲಿಲ್ಲ. ಅವನ ಬಿಡುಗಡೆಯನ್ನು ಅವಳು ಮಿತ್ರತ್ವವೆಂದೂ ಭಾವಿಸುವುದಿಲ್ಲ. ಮುಂದೆ ಅವನು ಷಟಲ್‌ನಲ್ಲಿ ಓಡಿಹೋಗುವಾಗ ಫೋರ್ಸ್ ಎಂಬ ಅತೀಂದ್ರಿಯ ಶಕ್ತಿ ಬಳಸಿ ಷಟಲ್ಲನ್ನೇ ಹಿಡಿದು ನಿಲ್ಲಿಸಲು ಸೆಣಸುತ್ತಾಳೆ. ಹಿಂದೆ ರೆಕ್ಸ್ ಸುತ್ತುವರಿಯಲ್ಪಟ್ಟದ್ದನ್ನು ಕಂಡಾಗ ಕೈಬಿಡುತ್ತಾಳೆ. ಅಪರಾಧಿಯನ್ನು ಹಿಡಿಯುವುದೋ ಗೆಳೆಯನನ್ನು ಉಳಿಸುವುದೋ ಎಂಬ ಆಯ್ಕೆಯಲ್ಲಿ ಅವಳು ಯಾವುದನ್ನು ಆರಿಸುತ್ತಾಳೆಂಬುದನ್ನು ಆ ಕೆಲವು ಕ್ಷಣಗಳು ಮಾತಿಲ್ಲದೆ ಹೇಳುತ್ತವೆ.

ಹಾಗಿದ್ದರೂ ಹೊಣೆ ಪೂರ್ತಿ ತೊಳೆದುಹೋಗುವುದಿಲ್ಲ. ಕಂತಿನ ಕೊನೆಯಲ್ಲಿ ಸಮಾಧಿಗಳ ಮುಂದೆ ನಿಂತ ಅಹ್ಸೋಕಾಳ ಮುಖದಲ್ಲಿರುವ ದುಃಖವನ್ನು ಕೇವಲ ಅಗಲಿಕೆಯ ದುಃಖವೆಂದು ಓದಬೇಕಿಲ್ಲ. ಆದರೆ ಕಂತು ಇದನ್ನು ಸಂಭಾಷಣೆಯಲ್ಲಿ ಎಲ್ಲಿಯೂ ಎತ್ತುವುದಿಲ್ಲ. ಒಂದೆರಡು ವಾಕ್ಯಗಳಲ್ಲಾದರೂ ರೆಕ್ಸ್ ಅಥವಾ ಅಹ್ಸೋಕಾ ಈ ಪ್ರಶ್ನೆಯನ್ನು ಎದುರಿಸಿದ್ದರೆ ಕಂತಿಗೆ ಲಾಭವೇ ಆಗುತ್ತಿತ್ತೆಂಬ ಅಭಿಪ್ರಾಯವನ್ನು ನಾನೂ ಒಪ್ಪುತ್ತೇನೆ.

ಯಾರು ಬದುಕುತ್ತಾರೆಂಬುದು ಮೊದಲೇ ಗೊತ್ತಿದ್ದುದರಿಂದ ಕುತೂಹಲ ಕುಂದಲಿಲ್ಲವೇ?

2014ರಿಂದ 2018ರವರೆಗೆ ಪ್ರಸಾರವಾದ ‘ಸ್ಟಾರ್ ವಾರ್ಸ್ ರೆಬೆಲ್ಸ್’ ಸರಣಿಯ ಕಥೆ ಇದರ ನಂತರದ ಕಾಲಕ್ಕೆ ಸೇರಿದ್ದು. ಅದರಲ್ಲಿ ಅಹ್ಸೋಕಾ, ರೆಕ್ಸ್, ಮಾಲ್ ಮೂವರೂ ಬರುತ್ತಾರೆ. ಹೀಗಾಗಿ ಮುಖ್ಯ ಪಾತ್ರಗಳ ಜೀವಕ್ಕೆ ಅಪಾಯವಿಲ್ಲವೆಂಬುದು ಬಹುತೇಕ ಪ್ರೇಕ್ಷಕರಿಗೆ ತಿಳಿದಿತ್ತು. ಬದುಕುಳಿಯುವರೇ ಎಂಬ ಕುತೂಹಲವನ್ನೇ ನೆಚ್ಚಿಕೊಂಡಿದ್ದರೆ ಈ ಕಂತು ಸೋಲುತ್ತಿತ್ತು. ಬರಹಗಾರ ಡೇವ್ ಫಿಲೋನಿ ಅದನ್ನು ನೆಚ್ಚಿಕೊಂಡಿಲ್ಲ. ಬದುಕುವುದಕ್ಕೆ ಇವರು ಏನನ್ನು ತೆರಬೇಕಾಯಿತು ಎಂಬುದೇ ಇಲ್ಲಿನ ಪ್ರಶ್ನೆ. ಅದಕ್ಕೆ ಉತ್ತರ ಯಾರಿಗೂ ಮೊದಲೇ ತಿಳಿದಿರಲಿಲ್ಲ. ಸಹಾಯಕ್ಕೆ ನಿಂತ ಮೂರು ಪುಟ್ಟ ಡ್ರಾಯಿಡ್‌ಗಳ (ರೋಬೋಟ್‌ಗಳ) ಗತಿಯೂ ತಿಳಿದಿರಲಿಲ್ಲ. ಅವು ಒಂದೊಂದಾಗಿ ನಾಶವಾಗುವುದು ಹಲವರನ್ನು ನಿರೀಕ್ಷೆಗಿಂತ ಹೆಚ್ಚು ಕಲಕಿದೆ.

ರೆಕ್ಸ್ ಮತ್ತು ಅಹ್ಸೋಕಾ ಬೀಳ್ಕೊಳ್ಳುವ ದೃಶ್ಯವೇ ಇಲ್ಲವಲ್ಲ?

ಇಲ್ಲ. ನೌಕೆ ಬಿದ್ದ ಮೇಲೆ ಇಬ್ಬರೂ ಒಬ್ಬರಿಗೊಬ್ಬರು ಒಂದು ಮಾತನ್ನೂ ಆಡುವುದಿಲ್ಲ. 2008ರಿಂದ ಜೊತೆಗೆ ಬಂದ ಪಾತ್ರಗಳಿಗೆ ಕೊನೆಯದೊಂದು ಸಂಭಾಷಣೆ ಸಿಗಲಿಲ್ಲವೆಂದು ಬೇಸರಪಟ್ಟವರು ಅನೇಕ. ಅವರ ಬೇಸರ ಅರ್ಥವಾಗುವಂಥದ್ದೇ. ಆದರೆ ಅಷ್ಟು ಸಮಾಧಿಗಳನ್ನು ತಮ್ಮ ಕೈಯಾರೆ ಅಗೆದ ಇಬ್ಬರು ಆ ಹೊತ್ತಿನಲ್ಲಿ ಏನು ಮಾತಾಡಬಹುದಿತ್ತು ಎಂದು ಯೋಚಿಸಿದರೆ, ಬರೆಯಬಹುದಾದ ಯಾವ ಸಾಲೂ ಆ ಮೌನಕ್ಕೆ ಸಮನಾಗುವುದಿಲ್ಲ. ಹ್ಯಾಂಗರ್‌ಗೆ ಇಳಿಯುವ ಮುಂಚೆ ಹೇಳಬೇಕಾದ್ದನ್ನೆಲ್ಲ ಅವರು ಹೇಳಿ ಮುಗಿಸಿದ್ದಾರೆ.

ಹೆಲ್ಮೆಟ್‌ಗಳ ದೃಶ್ಯಕ್ಕೆ ಅಷ್ಟು ಮಹತ್ವವೇಕೆ?

ನೆಟ್ಟ ಕಂಬಗಳ ಮೇಲೆ ಸತ್ತವರ ಹೆಲ್ಮೆಟ್‌ಗಳನ್ನು ಸಾಲಾಗಿ ಇಡಲಾಗಿದೆ. ಅವುಗಳ ಮೇಲೆ ಕಿತ್ತಳೆ ಬಣ್ಣದಲ್ಲಿ ಅಹ್ಸೋಕಾಳ ಮುಖದ ಗುರುತುಗಳಿವೆ. ಈ ಬಣ್ಣವನ್ನು ಬಳಿದುಕೊಂಡವರು ಆ ಸೈನಿಕರೇ. ‘ಓಲ್ಡ್ ಫ್ರೆಂಡ್ಸ್ ನಾಟ್ ಫರ್ಗಾಟನ್’ ಕಂತಿನಲ್ಲಿ, ತಮ್ಮನ್ನು ಬಿಟ್ಟುಹೋಗಿ ಮರಳಿ ಬಂದ ಅಹ್ಸೋಕಾಳ ಮೇಲಿನ ಗೌರವಕ್ಕಾಗಿ ಹೀಗೆ ಬಳಿದುಕೊಂಡು ಸಾಲಾಗಿ ನಿಂತು ಅವಳನ್ನು ಬರಮಾಡಿಕೊಂಡಿದ್ದರು. ಅವಳನ್ನು ಬೇಟೆಯಾಡುವಾಗಲೂ ಅವರ ತಲೆಯ ಮೇಲೆ ಅವಳದೇ ಗುರುತಿತ್ತು. ಒಂದೇ ವಸ್ತು ಪ್ರೀತಿಯ ಕುರುಹಾಗಿ, ಬೆದರಿಕೆಯಾಗಿ, ಕೊನೆಗೆ ಸಮಾಧಿಯ ಗುರುತಾಗಿ ಕಾಣುವುದನ್ನು ಒಬ್ಬ ಪಾತ್ರವೂ ಬಾಯಿಬಿಟ್ಟು ವಿವರಿಸುವುದಿಲ್ಲ. ಅನಿಮೇಷನ್ನಿನಲ್ಲಿ ಚೌಕಟ್ಟಿನೊಳಗಿನ ಪ್ರತಿಯೊಂದನ್ನೂ ಯಾರೋ ಯೋಚಿಸಿಯೇ ಇಟ್ಟಿರುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಸರಣಿಯಲ್ಲಿಲ್ಲ.

ಕೊನೆಯ ದೃಶ್ಯದಲ್ಲಿ ವೇಡರ್ ಏನನ್ನು ಅರ್ಥಮಾಡಿಕೊಳ್ಳುತ್ತಾನೆ?

ಅಭಿಪ್ರಾಯಭೇದ ಅತಿ ಹೆಚ್ಚಾಗಿರುವುದು ಇಲ್ಲಿ. ಅಹ್ಸೋಕಾ ಸಮಾಧಿಗಳ ಬಳಿ ಬಿಟ್ಟುಹೋದ ಲೈಟ್‌ಸೇಬರ್ (ಬೆಳಕಿನ ಖಡ್ಗ) ಹಿಮದಡಿ ಸಿಗುತ್ತದೆ. ಅದು ಅವನೇ, ಅನಾಕಿನ್ ಆಗಿದ್ದಾಗ, ಜೋಪಾನ ಮಾಡಿ ಅವಳಿಗೆ ಹಿಂದಿರುಗಿಸಿದ್ದ ಆಯುಧ. ಅದನ್ನು ಉರಿಸುತ್ತಾನೆ, ನೀಲಿ ಬೆಳಕಿನಲ್ಲಿ ಮುಖವಾಡದ ಗಾಜಿನ ಹಿಂದೆ ಕಣ್ಣುಗಳು ಮಸುಕಾಗಿ ಕಾಣುತ್ತವೆ. ತಲೆ ಎತ್ತಿ ಆಕಾಶದಲ್ಲಿ ಹಾರುವ ಹಕ್ಕಿಯನ್ನು ನೋಡುತ್ತಾನೆ, ನಂತರ ತಿರುಗಿ ನಡೆಯುತ್ತಾನೆ.

ಅವಳು ಸತ್ತಳೆಂದು ಅವನು ನಂಬಿದನೆಂಬುದು ಒಂದು ಓದು. ಆಯುಧವನ್ನು ಅಲ್ಲಿ ಬಿಟ್ಟದ್ದರ ಉದ್ದೇಶವೂ ಅದೇ ಆಗಿರಬಹುದು. ಹಕ್ಕಿಯನ್ನು ಕಂಡದ್ದರಿಂದ ಅವಳು ಬದುಕಿರಬಹುದೆಂದು ಅವನಿಗೆ ಹೊಳೆಯಿತು, ಆದರೂ ಅದನ್ನು ಬೆನ್ನಟ್ಟದೆ ಹೊರಟುಹೋದ ಎಂಬುದು ಇನ್ನೊಂದು ಓದು. ಎರಡನೆಯದನ್ನು ಮೆಚ್ಚುವವರು ಅದರಲ್ಲಿ ಅನಾಕಿನ್‌ನ ಅಳಿದುಳಿದ ಮನಸ್ಸನ್ನು ಕಾಣುತ್ತಾರೆ. ‘ರೆಬೆಲ್ಸ್’ ಸರಣಿಯಲ್ಲಿ ವೇಡರ್ ಅಹ್ಸೋಕಾ ಬದುಕಿರುವುದನ್ನು ಅರಿತಾಗ ತಡಮಾಡದೆ ಅದನ್ನು ಚಕ್ರವರ್ತಿಗೆ ತಿಳಿಸಿ ಅವಳ ಬೇಟೆಗೆ ಇಳಿಯುವುದರಿಂದ, ಮೊದಲನೆಯ ಓದು ನನಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ. ಆದರೆ ಮೊದಲನೆಯದನ್ನು ಒಪ್ಪಿದ ಮಾತ್ರಕ್ಕೆ ಅವನಿಗೆ ನೋವಾಗಲಿಲ್ಲವೆಂದು ಅರ್ಥವಲ್ಲ; ಅವನು ಅಲ್ಲಿ ನಿಂತ ರೀತಿ, ಹೊರಡಲು ತೆಗೆದುಕೊಂಡ ಸಮಯ, ಎರಡೂ ಬೇರೆಯದನ್ನೇ ಹೇಳುತ್ತವೆ.

ಆ ಹಕ್ಕಿ ಯಾವುದು?

ಗೂಬೆಯನ್ನು ಹೋಲುವ ಕಾನ್ವೋರ್ ಎಂಬ ಹಕ್ಕಿ. ಮೂರನೆಯ ಸೀಸನ್ನಿನ ಮಾರ್ಟಿಸ್ ಕಂತುಗಳಲ್ಲಿ ಬೆಳಕಿನ ಪಕ್ಷದ ಪ್ರತಿನಿಧಿಯಾದ ‘ಡಾಟರ್’ ಎಂಬ ಪಾತ್ರ ತನ್ನ ಜೀವಶಕ್ತಿಯನ್ನು ಕೊಟ್ಟು ಅಹ್ಸೋಕಾಳನ್ನು ಬದುಕಿಸುತ್ತದೆ. ಈ ಹಕ್ಕಿಯನ್ನು ಆ ‘ಡಾಟರ್’ ಪಾತ್ರದೊಂದಿಗೆ ಜೋಡಿಸಿ ನೋಡುವುದು ವಾಡಿಕೆ. ಆ ಹಿನ್ನೆಲೆ ತಿಳಿಯದವರಿಗೂ ದೃಶ್ಯ ಅರ್ಥವಾಗುತ್ತದೆ.

‘ಶ್ಯಾಟರ್ಡ್’ ಇದಕ್ಕಿಂತ ಉತ್ತಮ ಕಂತೆನ್ನುವವರ ವಾದವೇನು?

ಆರ್ಡರ್ 66 ಬರುವ ಮುಂಚಿನ ಉಸಿರುಗಟ್ಟಿಸುವ ನಿಶ್ಶಬ್ದ, ರೆಕ್ಸ್‌ನ ನಡುಗುವ ಕೈ, ಕಣ್ಣಿನಿಂದ ಜಾರುವ ಹನಿ ಇವೆಲ್ಲ ಅಲ್ಲಿವೆ. ಆಘಾತದ ದೃಷ್ಟಿಯಿಂದ ಅದು ಮೇಲು ಎಂಬುದರಲ್ಲಿ ಸಂದೇಹವಿಲ್ಲ. ಇನ್ನು ಕೆಲವರಿಗೆ ‘ದ ಫ್ಯಾಂಟಮ್ ಅಪ್ರೆಂಟಿಸ್’ ಕಂತಿನ ದ್ವಂದ್ವಯುದ್ಧವೇ ಶಿಖರ, ಅದರಲ್ಲಿ ಮಾಲ್‌ನ ಚಲನೆಗಳಿಗೆ ಮೋಷನ್ ಕ್ಯಾಪ್ಚರ್ ಮೂಲಕ ಮೈಯೊಡ್ಡಿದವರು, 1999ರ ಚಿತ್ರದಲ್ಲಿ ಆ ಪಾತ್ರವನ್ನು ನಿರ್ವಹಿಸಿದ್ದ ರೇ ಪಾರ್ಕ್. ಕೊನೆಯ ನಾಲ್ಕು ಕಂತುಗಳು ಒಂದೇ ಕಥೆಯ ನಾಲ್ಕು ಭಾಗಗಳಾಗಿರುವುದರಿಂದ, ಅವುಗಳನ್ನು ಬಿಡಿಬಿಡಿಯಾಗಿ ತೂಗುವುದರಲ್ಲಿ ಹೆಚ್ಚಿನ ಅರ್ಥ ನನಗೆ ಕಾಣುವುದಿಲ್ಲ.

ಸಂಗೀತ ಸರಣಿಯ ಉಳಿದ ಕಂತುಗಳಂತಿಲ್ಲವೇಕೆ?

ಕೆವಿನ್ ಕೈನರ್ ಈ ಭಾಗಕ್ಕೆ ಆರ್ಭಟದ ವಾದ್ಯಮೇಳಕ್ಕಿಂತ ದೀರ್ಘವಾಗಿ ಎಳೆದ ಸಿಂಥಸೈಜರ್ ಸ್ವರಗಳನ್ನು ಹೆಚ್ಚು ನೆಚ್ಚಿಕೊಂಡಿದ್ದಾರೆ. ಸರಣಿಯ ಪರಿಚಿತ ಪೀಠಿಕೆಯ ಕಂಠವೂ, ಆರಂಭದ ಸೂಕ್ತಿಯೂ ಈ ಕಂತಿನಲ್ಲಿ ಇಲ್ಲ. ಹಳೆಯ ಗತ್ತನ್ನು ಬಯಸಿದವರಿಗೆ ಇದು ಕೊರತೆಯಾಗಿ ಕಂಡಿದೆ. ಸಮಾಧಿಯ ದೃಶ್ಯಕ್ಕೆ ತುತ್ತೂರಿಗಳು ಹೊಂದುತ್ತಿರಲಿಲ್ಲ.

ಕಥೆ ಹಿಂದೆ ಪ್ರಕಟವಾದ ವಿವರಗಳಿಗೆ ಹೊಂದುವುದಿಲ್ಲವೆಂಬ ದೂರು ನಿಜವೇ?

ಭಾಗಶಃ ನಿಜ. 2016ರಲ್ಲಿ ಅಹ್ಸೋಕಾಳನ್ನೇ ಕುರಿತು ಪ್ರಕಟವಾದ ಕಾದಂಬರಿಯೊಂದು ಮ್ಯಾಂಡಲೋರ್ ಮುತ್ತಿಗೆಯ ಕೆಲವು ಪ್ರಸಂಗಗಳನ್ನು ಬೇರೆ ರೀತಿಯಲ್ಲಿ ಚಿತ್ರಿಸಿತ್ತು. ಆಗ ಸರಣಿ ನಿಂತುಹೋಗಿತ್ತು ಎಂಬುದನ್ನು ಮರೆಯಬಾರದು: ಡಿಸ್ನಿ 2012ರಲ್ಲಿ ಲ್ಯೂಕಸ್‌ಫಿಲ್ಮ್ ಕಂಪನಿಯನ್ನು ಕೊಂಡ ಬಳಿಕ, 2013ರಲ್ಲಿ ನಿರ್ಮಾಣ ನಿಲ್ಲಿಸಲಾಯಿತು, ಮುಗಿದಿದ್ದ ಕಂತುಗಳು ಆರನೆಯ ಸೀಸನ್ ಆಗಿ 2014ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದವು, ಏಳನೆಯ ಸೀಸನ್ ಬರುವುದೆಂಬ ಪ್ರಕಟಣೆ ಹೊರಬಿದ್ದದ್ದು 2018ರಲ್ಲಿ. ಚಿತ್ರಿಸಲು ಅವಕಾಶ ಸಿಕ್ಕಾಗ ಫಿಲೋನಿ ಪುಸ್ತಕಕ್ಕಿಂತ ದೃಶ್ಯದ ಅಗತ್ಯಕ್ಕೆ ಮನ್ನಣೆ ಕೊಟ್ಟರು. ಪುಸ್ತಕವನ್ನು ಪ್ರೀತಿಸಿದವರಿಗೆ ಇದು ನೋವಿನ ವಿಷಯ. ಕಂತಿನ ಯೋಗ್ಯತೆಯನ್ನು ಅಳೆಯಲು ಮಾತ್ರ ಅದು ತಕ್ಕ ಅಳತೆಗೋಲಲ್ಲ.

ಅನಾಕಿನ್‌ನ ಪತನವನ್ನೇ ಏಕೆ ತೋರಿಸಲಿಲ್ಲ?

ಅದನ್ನು 2005ರ ‘ರಿವೆಂಜ್ ಆಫ್ ದ ಸಿತ್’ ಚಿತ್ರ ಆಗಲೇ ತೋರಿಸಿದೆ. ಈ ನಾಲ್ಕು ಕಂತುಗಳು ಅದೇ ದಿನಗಳಲ್ಲಿ ಬೇರೊಂದು ಕಡೆ ನಡೆಯುತ್ತವೆ.

ಚಿಕ್ಕ ಮಕ್ಕಳು ನೋಡಬಹುದೇ?

ರಕ್ತ ಹೆಚ್ಚಾಗಿ ಕಾಣುವುದಿಲ್ಲ. ಆದರೂ ಪರಿಚಿತ ಪಾತ್ರಗಳು ಒಬ್ಬರನ್ನೊಬ್ಬರು ಬೇಟೆಯಾಡುವುದು, ಸಾಲು ಸಮಾಧಿಗಳು, ಸಮಾಧಾನ ಹೇಳದ ಮುಕ್ತಾಯ ಇವು ಎಳೆಯರನ್ನು ಕಂಗೆಡಿಸಬಹುದು. ಹಿರಿಯರು ಜೊತೆಗೆ ಕುಳಿತು ನೋಡಿ, ಆ ಸೈನಿಕರು ಕೆಟ್ಟವರಲ್ಲ ಎಂಬುದನ್ನು ವಿವರಿಸುವುದು ಮೇಲು. ಮಕ್ಕಳು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಅದೇ ಆಗಿರುತ್ತದೆ.

ಸರಣಿಯ 133 ಕಂತುಗಳನ್ನೂ ನೋಡದೆ ಇದನ್ನು ನೋಡಬಹುದೇ?

ನೋಡಬಹುದು, ಆದರೆ ನೇರವಾಗಿ ಇದೊಂದನ್ನೇ ನೋಡಿದರೆ ಹೆಲ್ಮೆಟ್‌ಗಳು ಬರೀ ಹೆಲ್ಮೆಟ್‌ಗಳಾಗಿಯೇ ಉಳಿಯುತ್ತವೆ. ಸಮಯ ಕಡಿಮೆ ಇರುವವರು ನಾಲ್ಕನೆಯ ಸೀಸನ್ನಿನ 7ರಿಂದ 10ರವರೆಗಿನ ಅಂಬಾರಾ ಕಂತುಗಳನ್ನು, ಅಹ್ಸೋಕಾ ಜೆಡೈ ಸಂಘವನ್ನು ತೊರೆಯುವ ಐದನೆಯ ಸೀಸನ್ನಿನ ಕೊನೆಯ ನಾಲ್ಕು ಕಂತುಗಳನ್ನು, ಫೈವ್ಸ್ ಚಿಪ್ಪಿನ ರಹಸ್ಯವನ್ನು ಬಯಲಿಗೆಳೆಯಲು ಹೋಗಿ ಸಾಯುವ ಆರನೆಯ ಸೀಸನ್ನಿನ ಮೊದಲ ನಾಲ್ಕು ಕಂತುಗಳನ್ನು ನೋಡಿ, ಬಳಿಕ ಏಳನೆಯ ಸೀಸನ್ನಿನ ಒಂಬತ್ತನೆಯ ಕಂತಿನಿಂದ ಮುಂದುವರಿಯಲಿ. ಮಾಲ್ ಯಾರೆಂಬುದು ಸರಿಯಾಗಿ ತಿಳಿಯಬೇಕಾದರೆ ಐದನೆಯ ಸೀಸನ್ನಿನ 14ರಿಂದ 16ರವರೆಗಿನ ಕಂತುಗಳನ್ನೂ ಸೇರಿಸಿಕೊಳ್ಳಬೇಕು. ಏಳನೆಯ ಸೀಸನ್ನಿನ 5ರಿಂದ 8ರವರೆಗಿನ ಕಂತುಗಳು ನಿಧಾನವೆಂಬ ದೂರಿದೆ. ಸಂಘದ ಹೊರಗೆ ಸಾಮಾನ್ಯಳಂತೆ ಬದುಕುವ ಅಹ್ಸೋಕಾಳನ್ನು ಕಾಣಲು ಇಷ್ಟವಿದ್ದವರು ಅವನ್ನು ನೋಡಲಿ, ಅವಸರದಲ್ಲಿರುವವರು ಬಿಟ್ಟರೂ ಕಥೆಯ ಎಳೆ ತಪ್ಪುವುದಿಲ್ಲ. ಫೈವ್ಸ್‌ನ ಕಂತುಗಳನ್ನು ಮಾತ್ರ ಬಿಡಬಾರದು. ‘ಶ್ಯಾಟರ್ಡ್’ನಲ್ಲಿ ರೆಕ್ಸ್ ಆ ಹೆಸರನ್ನು ಏಕೆ ಉಸುರಿದನೆಂಬುದು ಅವುಗಳಿಲ್ಲದೆ ತಿಳಿಯುವುದಿಲ್ಲ.